ಕೊಸರು

ಕಿಸುಮುವಿನ ಈ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ.
ಜನ ನನ್ನನ್ನು ಹೆಚ್ಚು ಕೇಳಿದ್ದು ಪುಸ್ತಕವನ್ನಲ್ಲ,
"ಒಬೂಯಾ, ಎಷ್ಟಾದರೆ ಸಾಕು?"

ಸಾರಿಗೆ ಎಷ್ಟು ಉಪ್ಪು ಎಂದು ಕೇಳುವವರ ಮುಖ ಮಾಡಿಕೊಂಡು
ಕಂಕುಳಲ್ಲಿ ಲ್ಯಾಪ್‌ಟಾಪ್ ಅವುಚಿ ನಿಲ್ಲುತ್ತಾರೆ.
ಸಾಕು ಅನ್ನುವುದನ್ನು ಯಾವ ಕಪಾಟಿನಲ್ಲಿಟ್ಟಿದ್ದೇನೆ ನಾನು?

ಅಪೊಂಡಿ ಬಂದದ್ದು ಗುರುವಾರ, ಬಾಗಿಲು ಹಾಕುವ ಹೊತ್ತಿಗೆ.
ಮೀನಿಗೆ ಹೊಗೆ ಹಾಕುವ ಹೆಂಗಸರ ಎದೆ, ಉಸಿರು, ಕೆಮ್ಮು:
ಅದು ಅವಳ ವಿಷಯ.
ಬಲೆ ಬೀಸಿದಾಗ ಸಿಕ್ಕಿದ್ದು ಸಾವಿರದ ನಾನೂರ ಆರು ಅಧ್ಯಯನ.
ಶೀರ್ಷಿಕೆ ನೋಡಿ ಕೇರಿದಳು, ಸಾರಾಂಶ ಓದಿ ಜರಡಿ ಹಿಡಿದಳು.
ಘಾನಾ, ಬೆನಿನ್, ನಮ್ಮದೇ ಸರೋವರದ ಆಚೆ ದಂಡೆ.
ಉಳಿದದ್ದು ಇಪ್ಪತ್ತೊಂಬತ್ತು.

"ಇನ್ನೊಂದು ಬೇಕು," ಅಂದಳು.
ಯಾಕೆ?
"ಹೋದ ವರ್ಷದವನು ಮೂವತ್ತು ಹಾಕಿದ್ದನಂತೆ.
ಡಾಕ್ಟರ್ ವಸೊಂಗ ಹೇಳಿದರು."

ಅನ್ನ ಬೆಂದಿತೇ ನೋಡಲು ಒಂದಗುಳು ಸಾಕು, ನಿಜ,
ಹಂಡೆ ಒಂದೇ ಆದರೆ.
ಇಲ್ಲಿ ಇಪ್ಪತ್ತೊಂಬತ್ತು ಒಲೆ, ಒಂದೊಂದಕ್ಕೂ ಬೇರೆ ಸೌದೆ,
ಒಂದೊಂದರ ಮುಂದೂ ಬೇರೆ ಅವಸರ.

ಓದುತ್ತ ಹೋಗು, ಹೊಸ ಮಾತು ಹುಟ್ಟದಲ್ಲಿ ನಿಲ್ಲು,
ಎಲ್ಲರಿಗೂ ಹೇಳುವುದನ್ನೇ ಹೇಳಿದೆ.
"ಹದಿನೈದಕ್ಕೇ ನಿಂತುಹೋಯಿತು. ಎಲ್ಲವೂ ಒಂದೇ ಅನ್ನುತ್ತವೆ,
ಕೆಮ್ಮು ಇದೆ, ಹೆಚ್ಚೇನಿಲ್ಲ."

ಹೆಚ್ಚೇನಿಲ್ಲ.
ಆ ಮಾತು ನನ್ನನ್ನು ನೆಲಮಾಳಿಗೆಗೆ ಇಳಿಸಿತು.
ಕೀಲಿ ಹುಡುಕಿದ್ದೇ ಹತ್ತು ನಿಮಿಷ.
ಎಂಬತ್ತೇಳರ ವರದಿ, ಸೈಕ್ಲೋಸ್ಟೈಲ್ ಮಾಡಿದ್ದು,
ಪಿನ್ನು ತುಕ್ಕು ಹಿಡಿದು ಮೂಲೆಯಲ್ಲಿ ಕಂದು ಕಲೆ.
ಬರೆದವಳು ಒಬ್ಬ ದಾದಿ. ಹೆಸರಿನ ಅರ್ಧ ಗೆದ್ದಲು ತಿಂದಿದೆ.
ಒಟ್ಟು ಹನ್ನೊಂದು ಹೆಂಗಸರು.
ಹೋಲಿಸಲು ಬೇರೆ ಗುಂಪಿಲ್ಲ, ಉಸಿರು ಅಳೆಯಲು ಯಂತ್ರವಿಲ್ಲ.
ದಡದಿಂದ ಮನೆಗೆ ನಡೆಯುವಾಗ ಯಾರು ಎಷ್ಟು ಸಲ ಕೂತರು
ಅದನ್ನು ಎಣಿಸಿದ್ದಾಳೆ.

ನಿಯಮದ ಪ್ರಕಾರ ಜರಡಿಯಲ್ಲಿ ಮೊದಲೇ ಉದುರುವಂಥದ್ದು:
ಎರಡು ಸಾವಿರಕ್ಕಿಂತ ಹಿಂದಿನದು, ಐವತ್ತಕ್ಕಿಂತ ಕಡಿಮೆ ಜನ.
ಅಪೊಂಡಿ ನಿಂತೇ ಓದುತ್ತಿದ್ದಳು.
ನಾಲ್ಕನೇ ಪುಟಕ್ಕೆ ಕುರ್ಚಿ ಎಳೆದುಕೊಂಡಳು.

ಉಳಿದವರೆಲ್ಲ ಒಲೆಯ ಹತ್ತಿರ ಹೋಗಿ
ಅಲ್ಲಿ ನಿಂತವರನ್ನು ಎಣಿಸಿದ್ದರು.
ದಾದಿ ಹೋದದ್ದು
ಒಲೆ ಬಿಟ್ಟವರ ಮನೆಗೆ.

ಆ ಸಂಜೆ ದಾರಿಯಲ್ಲಿ ಒಣಗಿದ ಒಮೆನಾ ಕೊಂಡೆ.
ಮಾರುವಾಕೆ ಗೊರೊಗೊರೊ ಡಬ್ಬ ತುಂಬಿ, ಅಂಗೈಯಲ್ಲಿ ಮಟ್ಟಮಾಡಿ,
ಚೀಲಕ್ಕೆ ಸುರಿದು,
ಕೇಳದೆಯೇ ಇನ್ನೊಂದು ಹಿಡಿ ಕೊಸರು ಹಾಕಿದಳು.
ಹಾಕುವಾಗ ಮುಖ ಆಚೆ ತಿರುಗಿಸಿ ಕೆಮ್ಮಿದಳು.
ನಾನು ಚಿಲ್ಲರೆ ಎಣಿಸುತ್ತಿದ್ದೆ.

ನವೆಂಬರಿನಲ್ಲಿ ಪ್ರಬಂಧ ಬಂತು, ನೀಲಿ ರಟ್ಟು.
ಎಲ್ಲ ಬಿಟ್ಟು ಸಂಖ್ಯೆ ಹುಡುಕಿದೆ, ನಾನೂ ಅಷ್ಟೇ.
ಇಪ್ಪತ್ತೆಂಟು.
ಮೂರು ಲೇಖನ ಅದೇ ನೂರ ಹನ್ನೆರಡು ಹೆಂಗಸರನ್ನು
ಮೂರು ಸಲ ಮಾರಿದ್ದವಂತೆ, ಮೂರನ್ನೂ ಒಂದು ಮಾಡಿದ್ದಾಳೆ.
ಆಮೇಲೆ ದಾದಿಯದು.
ನಿಯಮ ಯಾಕೆ ಸಡಿಲಿಸಿದೆನೆಂದು ಅರ್ಧ ಪುಟ;
ಆ ಅರ್ಧ ಪುಟಕ್ಕಾಗಿ ವಸೊಂಗರ ಜೊತೆ ಎರಡು ತಿಂಗಳ ಜಗಳವೆಂದು ಕೇಳಿದೆ.
ಕೋಷ್ಟಕದ ಕೊನೆಯ ಸಾಲು, ಲೇಖಕಿಯ ಜಾಗದಲ್ಲಿ
ಗೆದ್ದಲು ಬಿಟ್ಟ ನಾಲ್ಕಕ್ಷರ, ಮುಂದೆ ಮೂರು ಚುಕ್ಕೆ.

ಇವತ್ತು ಇನ್ನೊಬ್ಬ ಬಂದಿದ್ದಾನೆ, ಮಲೇರಿಯಾ, ಸೊಳ್ಳೆಪರದೆ.
ನಲವತ್ತು ಸಾಕೇ ಎನ್ನುತ್ತಾನೆ, ಬೆವರೊರೆಸಿಕೊಳ್ಳುತ್ತ.
ಕೂರಿಸಿದ್ದೇನೆ.
ನೆಲಮಾಳಿಗೆಯ ಕೀಲಿ
ಈಗ ನನ್ನ ಮೇಜಿನ ಮೇಲೇ ಇರುತ್ತದೆ.